ಎಣ್ಣೆ ಅಂಜಿನಮ್ಮನ ಬಲಗೈ

ಆವತಿಯಲ್ಲಿ ಆ ಕಾಲಕ್ಕೆ ಅಂಜಿನಮ್ಮ ಅನ್ನುವ ಹೆಸರಿನವರು ನಾಲ್ಕು ಜನ ಇದ್ದರು. ಆದರೆ ಬಾಣಂತಿ ಇರುವ ಮನೆಯವರು ಗಾಡಿ ಕಟ್ಟಿಕೊಂಡು ಬಂದು "ಅಂಜಿನಮ್ಮನ ಮನೆ ಯಾವ್ದಪ್ಪಾ?" ಅಂದರೆ, "ಯಾವ ಅಂಜಿನಮ್ಮ?" ಅಂತ ತಿರುಗಿ ಕೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಸೀದಾ ಎಣ್ಣೆ ಅಂಜಿನಮ್ಮನ ಬಾಗಿಲಿಗೇ ಕೈ ತೋರಿಸುತ್ತಿದ್ದರು. ಸುತ್ತ ಹನ್ನೊಂದು ಊರಿನ ಬಾಣಂತಿಯರಿಗೆ ಎಣ್ಣೆ ಒತ್ತಿ ನೀರು ಹಾಕುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. ಈ ಕಥೆ ನಡೆದದ್ದು ದೊಡ್ಡ ಯುದ್ಧ ಮುಗಿದ ಮಾರನೇ ವರ್ಷ, ಆಗ ಅವಳಿಗೆ ಐವತ್ತೆರಡು.

ಆಳು ಕುಳ್ಳಿ, ಬಾಯಿ ಮಾತ್ರ ಊರಗಲ. ಬಚ್ಚಲು ಹೊಕ್ಕಳೆಂದರೆ ಮನೆ ಯಜಮಾನನೂ ಅವಳ ಮಾತು ಕೇಳಬೇಕು. "ಇದೇನು ನೀರಾ? ಇದನ್ನ ತಗೊಂಡೋಗಿ ಎಮ್ಮೆಗೆ ಹುಯ್ರಿ. ಹಂಡೆ ಕೆಳಗೆ ಇನ್ನೆರಡು ಸೌದೆ ತಳ್ರಿ!" ಅಂತ ಶುರು ಮಾಡಿದರೆ ಮನೆಯವರೆಲ್ಲ ಓಡಾಡಬೇಕು. ಆದರೆ ಬಾಣಂತಿಯನ್ನು ಮಣೆ ಮೇಲೆ ಕೂರಿಸಿ, ನೆತ್ತಿಗೆ ಹರಳೆಣ್ಣೆ ಇಟ್ಟು, ಕಣ್ಣು ಮುಚ್ಚಿ ಆ ಬಲಗೈ ಆಡಿಸಿದಳು ಅಂದರೆ, ಎಂಥ ಗಯ್ಯಾಳಿಯೂ ಮೆತ್ತಗಾಗಿ ತೂಕಡಿಸುತ್ತಿದ್ದಳು. ಅತ್ತೆ ಅಂದದ್ದು, ಗಂಡ ಆಡಿದ್ದು, ಎಲ್ಲ ಅಲ್ಲೇ ಬಾಯಿಗೆ ಬರುತ್ತಿತ್ತು. ಅಂಜಿನಮ್ಮ ಊರಗಲ ಬಾಯಿಯವಳಾದರೂ ಬಚ್ಚಲಲ್ಲಿ ಕೇಳಿದ್ದನ್ನು ಹೊರಗೆ ಒಂದಕ್ಷರ ಆಡಿದವಳಲ್ಲ.

ಕಣ್ಣು ಯಾಕೆ ಮುಚ್ಚುತ್ತಿದ್ದಳು ಅಂದರೆ, ನೋಡುವ ಕೆಲಸವೆಲ್ಲ ಕೈಯದು. ಹೆಂಗಸರ ಎದೆಯಲ್ಲಿ ಹಾಲು ಕಟ್ಟಿ ಗಂಟಾಗುವುದು ಅವಳಿಗೆ ದಿನ ಬೆಳಗಾದರೆ ಇದ್ದದ್ದೇ. ಆ ಗಂಟು ಬಿಸಿಯಾಗಿರುತ್ತದೆ, ಮುಟ್ಟಿದರೆ ನೋಯುತ್ತದೆ, ಬೆರಳಿಗೆ ಸಿಕ್ಕಿ ಜಾರುತ್ತದೆ. ಬಿಸಿನೀರಿನ ಬಟ್ಟೆ ಇಟ್ಟು, ಮಗುವಿಗೆ ಹಾಲು ಕುಡಿಸಿದರೆ ಎರಡು ದಿನಕ್ಕೆ ಕರಗಿಹೋಗುತ್ತದೆ. ಇನ್ನೊಂದು ಗಂಟು ಇದೆ. ಅದು ಬಿಸಿಯಿಲ್ಲ, ನೋವಿಲ್ಲ, ಹುಣಸೆಬೀಜದಷ್ಟಿದ್ದು ಕೂತ ಕಡೆಯೇ ಕೂತಿರುತ್ತದೆ. ಇವೆರಡರ ವ್ಯತ್ಯಾಸ ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹೊಟ್ಟೆ ಉರಿಸಿಕೊಂಡು ಕಲಿತದ್ದು.

ಅವಳ ಒಡಹುಟ್ಟಿದ ಅಕ್ಕ ಲಕ್ಕಮ್ಮ. ಅವಳ ಎದೆಯಲ್ಲಿ ಗಂಟು ಎದ್ದಾಗ ಅಂಜಿನಮ್ಮನಿಗೆ ಕೆಲಸ ಹಿಡಿದು ಎರಡನೇ ವರ್ಷ, ಕೈಯೆಲ್ಲ ಹುರುಪು. "ಹಾಲು ಕಟ್ಟೈತೆ ಅಷ್ಟೇ ಕಣಕ್ಕ" ಅಂತ ಎಂಟು ತಿಂಗಳು ಹೆಸರುಹಿಟ್ಟಿನ ಪಟ್ಟು ಹಾಕಿದಳು. ಲಕ್ಕಮ್ಮನ ಕಿರಿಮಗನಿಗೆ ಆಗಲೇ ಆರು ವರ್ಷ. ಆರು ವರ್ಷದ ಹಿಂದಿನ ಹಾಲು ಈಗೆಲ್ಲಿಂದ ಬಂತು ಅಂತ ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ! ಹೊಳೆಯಲಿಲ್ಲ. ಲಕ್ಕಮ್ಮ ಹೋದಳು. ಅಂಜಿನಮ್ಮ ಇದನ್ನು ಯಾವತ್ತೂ ಮುಚ್ಚಿಡಲಿಲ್ಲ, "ನಮ್ಮಕ್ಕನ್ನ ನಾನೇ ಪಟ್ಟು ಹಾಕಿ ಹಾಕಿ ಕಳಿಸ್ದೆ" ಅಂತ ಎಲ್ಲರೆದುರಿಗೂ ಹೇಳಿ ಒಂದು ಸಲ ಮೂಗು ಒರೆಸಿಕೊಂಡು ಕೆಲಸಕ್ಕೆ ಕೂರುತ್ತಿದ್ದಳು.

ಅಂದಿನಿಂದ ಅವಳು ಒಂದು ಪದ್ಧತಿ ಇಟ್ಟುಕೊಂಡಳು. ದೀಪಾವಳಿ ಎಣ್ಣೆನೀರಿನ ದಿನ ಊರಿನ ಹೆಂಗಸರಿಗೆಲ್ಲ, ಬಾಣಂತಿಯರಿಗಲ್ಲ, ಮಕ್ಕಳು ದೊಡ್ಡವರಾದವರಿಗೆ, ಅಜ್ಜಿಯರಿಗೆ, ಮಕ್ಕಳೇ ಆಗದವರಿಗೆ, ತಾನೇ ಎಣ್ಣೆ ಒತ್ತುವುದು. ಹಬ್ಬದ ಎಣ್ಣೆ ಬೇಡ ಅನ್ನುವವರು ಯಾರು? ಡಾಕ್ಟರ ಮುಂದೆ ಸೆರಗು ಸರಿಸು ಅಂದರೆ ಸಾಯುತ್ತೇನೆ ಹೊರತು ಸರಿಸಲ್ಲ ಅನ್ನುವವರು ಅಂಜಿನಮ್ಮನ ಮುಂದೆ ತಾವಾಗಿ ಮಣೆ ಎಳೆದುಕೊಂಡು ಕೂರುತ್ತಿದ್ದರು. ಹೀಗೆ ಇಪ್ಪತ್ತು ವರ್ಷದಲ್ಲಿ ಆ ತಣ್ಣನೆ ಗಂಟು ಅವಳ ಕೈಗೆ ಸಿಕ್ಕಿದ್ದು ಏಳು ಜನರಲ್ಲಿ. ಏಳೂ ಜನರನ್ನು ಅವಳು ಮನಸ್ಸಲ್ಲೇ ಕೂರಿಸಿಕೊಂಡು ಯೋಚಿಸುತ್ತಿದ್ದಳು. ಇಬ್ಬರಿಗೆ ಮಕ್ಕಳೇ ಇಲ್ಲ. ಒಬ್ಬಳು ಚೊಚ್ಚಲು ಹೆತ್ತದ್ದು ವಾರಿಗೆಯವರು ಮಗಳ ಮದುವೆ ಮಾಡುವ ವಯಸ್ಸಿನಲ್ಲಿ. ಇನ್ನಿಬ್ಬರ ತಾಯಂದಿರೂ ಇದರಲ್ಲೇ ಹೋದವರು. ಹೆಚ್ಚಿನವರು ನಲವತ್ತೈದು ದಾಟಿದವರು. ಹಾಗಂತ ನಂಬಿಕೊಂಡು ಕೂರುವ ಹಾಗೂ ಇಲ್ಲ, ಎಂಟು ಹೆತ್ತ ಗಟ್ಟಿಗಿತ್ತಿ ಒಬ್ಬಳೂ ಅದರಲ್ಲಿ ಇದ್ದಳು. ಆದರೆ ಏಳೂ ಜನ ಒಂದು ವಿಷಯದಲ್ಲಿ ಒಂದೇ. ಅಂಜಿನಮ್ಮನ ಕೈಗೆ ಸಿಗುವ ಮುಂಚೆಯೇ ಅವರಿಗೆಲ್ಲ ಗೊತ್ತಿತ್ತು, ಗೊತ್ತಿದ್ದೂ ಸೆರಗು ಮುಚ್ಚಿಕೊಂಡಿದ್ದರು.

ಆಗ ಅವಳು ಬೈಯುತ್ತಿದ್ದ ಬೈಗುಳ ಊರಿಗೆಲ್ಲ ಬಾಯಿಪಾಠ. "ಸೆರಗು ಮುಚ್ಚಿದ್ರೆ ಅದಕ್ಕೇನು ಕಣ್ಣು ಕಾಣಲ್ವೇನೆ? ಮಾನ ಮಾನ ಅಂತೀಯ, ಸುಡುಗಾಡಲ್ಲಿ ಯಾವ ಮಾನ ಮಡಿಕ್ಕೊಂಡೀಯೆ? ಏಳು, ಹೊರಡು!" ಅಂತ ದೇವನಹಳ್ಳಿ ಆಸ್ಪತ್ರೆಗೆ ತಾನೇ ಎಳೆದುಕೊಂಡು ಹೋಗುತ್ತಿದ್ದಳು. ಅಲ್ಲಿನ ಕಾಂಪೌಂಡರು ಲಕ್ಷ್ಮಯ್ಯ ತುಂಬಾ ಸಂಕೋಚದ ಮನುಷ್ಯ, ಬ್ರಹ್ಮಚಾರಿ ಬೇರೆ. ಅಂಜಿನಮ್ಮ ಬಾಗಿಲಲ್ಲಿ ನಿಂತು "ಲಕ್ಷ್ಮಯ್ಯನೋರೇ, ಮೊಲೆಯಲ್ಲಿ ಗೆಡ್ಡೆ!" ಅಂತ ಕೂಗಿದರೆ ಔಷಧಿಯ ಸೀಸೆ ಕೈಲಿ ಹಿಡಿದವನು ಹಾಗೇ ಕೆಂಪಗಾಗಿಬಿಡುತ್ತಿದ್ದ. ಮುಖ ಎತ್ತದೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಕೊಡುತ್ತಿದ್ದ.

ಏಳರಲ್ಲಿ ಐದು ಜನ ಚೀಟಿಯನ್ನು ಸೂರಿಗೆ ಸಿಕ್ಕಿಸಿ ಮನೆಯಲ್ಲೇ ಉಳಿದರು, ಅವರು ಈಗಿಲ್ಲ. ಹೋದವರು ಇಬ್ಬರು. ಒಬ್ಬಳು ಪಕ್ಕದ ಮನೆ ಮುತ್ತಮ್ಮ. ಒಂದು ಕಡೆಯದು ತೆಗೆಸಿಕೊಂಡು ಬಂದು ಆರು ವರ್ಷ ಆಗಿತ್ತು, ಎಮ್ಮೆ ಮೇಯಿಸಿಕೊಂಡು, ಎಲ್ಲರ ಜತೆ ಜಗಳ ಆಡಿಕೊಂಡು ಗುಂಡುಕಲ್ಲಿನ ಹಾಗೆ ಇದ್ದಳು. ಇನ್ನೊಬ್ಬಳು ಅನುಸೂಯಮ್ಮ. ಅವಳೂ ಬದುಕಿದಳು. ಆದರೆ ಆಪರೇಷನ್ ಆದ ಕಡೆಯ ಕೈ ಮೇಲೆತ್ತಲು ಬರುತ್ತಿರಲಿಲ್ಲ, ತನ್ನ ತುರುಬು ತಾನು ಕಟ್ಟಲು ಆಗುತ್ತಿರಲಿಲ್ಲ. ಅಂಜಿನಮ್ಮ ಅವಳ ಮನೆಗೆ ಹೋದಾಗಲೆಲ್ಲ ಆ ಕೈಯನ್ನೇ ನೋಡುತ್ತಿದ್ದಳು.

ಈಗ ವಿಷಯಕ್ಕೆ ಬರೋಣ. ಊರಿಗೆಲ್ಲ ಎಣ್ಣೆ ಒತ್ತುವವಳಿಗೆ ಎಣ್ಣೆ ಒತ್ತಿದವರು ಯಾರೂ ಇಲ್ಲ. ಅಂಜಿನಮ್ಮ ಎರಡು ಚೊಂಬು ನೀರು ಸುರಿದುಕೊಂಡು, ಸೀರೆ ಸುತ್ತಿಕೊಂಡು ಓಡುವವಳು. ಆ ವರ್ಷ ಗೌರಿ ಹಬ್ಬದ ದಿನ ರವಿಕೆಯ ಗಂಟು ಕಟ್ಟುವಾಗ ಬಲಗಡೆ ಏನೋ ಬೆರಳಿಗೆ ತಾಗಿತು. ಹುಣಸೆಬೀಜದಷ್ಟು. ಬಿಸಿಯಿಲ್ಲ, ನೋವಿಲ್ಲ. ಅವಳಿಗೆ ಎರಡನೇ ಸಲ ಮುಟ್ಟಿ ನೋಡುವ ಅಗತ್ಯವೇ ಇರಲಿಲ್ಲ. ಅಕ್ಕನಿಗಿದ್ದದ್ದು ತಂಗಿಗೂ ಬಂತು, ನಾನು ಎಂಟನೆಯವಳು ಅಂದುಕೊಂಡಳು. ಅಂದುಕೊಂಡು ಏನು ಮಾಡಿದಳು? ಸೆರಗು ಮುಚ್ಚಿಕೊಂಡಳು! ಇಪ್ಪತ್ತು ವರ್ಷ ಊರವರಿಗೆಲ್ಲ ಬೈದ ಹೆಂಗಸು ಇವಳೇನಾ ಅನ್ನಿಸುತ್ತದೆ.

ಸಾವಿಗೆ ಹೆದರಿದಳು ಅಂದುಕೊಳ್ಳಬೇಡಿ. ಬಲಗೈಗೆ ಹೆದರಿದಳು. ಬಲಗಡೆ ಕೊಯ್ದರೆ ಬಲಗೈ ಅನುಸೂಯಮ್ಮನ ಕೈಯ ಹಾಗಾಗುತ್ತದೆ. ಆಮೇಲೆ ಬಾಣಂತಿಯ ಬೆನ್ನು ಒತ್ತುವುದು ಯಾವುದರಲ್ಲಿ? ಆ ಕೈ ಇಲ್ಲದಿದ್ದರೆ ಆವತಿಯಲ್ಲಿ ಅವಳು ಇನ್ನು ಮೂವರು ಅಂಜಿನಮ್ಮಂದಿರ ಜತೆ ನಾಲ್ಕನೆಯವಳು, ಅಷ್ಟೆ. ಈ ಬಾಣಂತಿದು ಮುಗೀಲಿ, ಆ ಬಾಣಂತಿದು ಮುಗೀಲಿ ಅಂತ ದಿನ ತಳ್ಳಿದಳು.

ಮನೆಯಲ್ಲಿದ್ದವರು ಮಗ ಬೈಲಪ್ಪ, ಸೊಸೆ ಮುನಿತಾಯಮ್ಮ. ಬೈಲಪ್ಪ ಗಾಡಿ ಹೊಡೆಯುತ್ತಿದ್ದ, ಮಾತು ಕಮ್ಮಿ. ಇಬ್ಬರು ಹೆಂಗಸರು ಇರುವ ಮನೆಯಲ್ಲಿ ಅವನಿಗೆ ಮಾತಿನ ಸರದಿಯೇ ಬರುತ್ತಿರಲಿಲ್ಲ. ಮುನಿತಾಯಮ್ಮ ಅನುಗೊಂಡನಹಳ್ಳಿ ಕಡೆಯ ಹುಡುಗಿ, ತಾಯಿ ಇಲ್ಲದವಳು. ಮದುವೆಯಾಗಿ ಬಂದ ಎರಡು ವರ್ಷದಿಂದ ಅತ್ತೆಯ ಕೆಲಸ ಕಲಿಯಬೇಕು ಅಂತ ಹಠ. ಆಸೆಗೇನೂ ಕಮ್ಮಿಯಿಲ್ಲ, ಕೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಅವಳು ಮೊದಲ ಸಲ ಒತ್ತಿದಾಗ ವೆಂಕಟರಾಯಪ್ಪನ ಮನೆ ಬಾಣಂತಿ ಕಿರುಚಿದ್ದು ಚಾವಡಿವರೆಗೂ ಕೇಳಿಸಿತ್ತು. "ಅದೇನು ಕೈಯೇನೆ, ಒನಕೆಯೇನೆ?" ಅಂತ ಅಂಜಿನಮ್ಮ ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದಳು.

ದೀಪಾವಳಿ ಬಂತು. ಎಣ್ಣೆನೀರಿನ ದಿನ ಬೆಳಿಗ್ಗೆ ಹೆಂಗಸರೆಲ್ಲ ಅಂಜಿನಮ್ಮನ ಬಚ್ಚಲ ಮುಂದೆ ಸೇರಿದ್ದರು. ಮುನಿತಾಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು ಹೇಳಿದಳು, "ಈ ಸಲ ಮೊದ್ಲು ಅತ್ತೆಗೆ ನಾನು ಎಣ್ಣೆ ಒತ್ತೋದು. ಕೈ ಪಳಗೋದು ಬ್ಯಾಡ್ವಾ?"

"ನಂಗ್ಯಾಕಮ್ಮಿ? ನಂಗೆ ಶೀತ."

"ನೆನ್ನೆ ಇರ್ಲಿಲ್ವಲ್ಲ."

"ಇವತ್ತು ಬಂತು. ಶೀತ ನಿನ್ನ ಕೇಳ್ಕೊಂಡು ಬರ್ಬೇಕಾ?"

ಎದುರಿಗಿದ್ದ ಮುತ್ತಮ್ಮ ಬಿಡಬೇಕಲ್ಲ! "ಏಯ್, ಊರಿಗೆಲ್ಲ ಬುದ್ಧಿ ಹೇಳ್ತೀಯ, ಸೊಸೆ ಕೈಗೆ ಹೆದರ್ಕೋತೀಯ? ಹಿಡ್ಕೊಳ್ರೇ ಇವಳ್ನ!" ಅಂದಳು. ನಾಲ್ಕು ಜನ ನಗುತ್ತಾ ಹಿಡಿದು ಎಳೆದುಕೊಂಡು ಹೋಗಿ ಮಣೆ ಮೇಲೆ ಕೂರಿಸಿ, ಬಚ್ಚಲ ಬಾಗಿಲು ಎಳೆದುಕೊಂಡು ಹೊರಗೆ ಕಾವಲು ಕೂತರು. ಇಷ್ಟೊಂದು ಹಾರಾಡಿದರೆ ಅನುಮಾನ ಬರುತ್ತದೆ ಅಂತ ಅಂಜಿನಮ್ಮ ಸುಮ್ಮನಾದಳು. ಇವಳ ಒನಕೆ ಕೈಗೆ ಅದೇನು ತಿಳಿದೀತು ಅನ್ನುವ ಧೈರ್ಯವೂ ಇತ್ತು.

ಮುನಿತಾಯಮ್ಮ ನೆತ್ತಿಗೆ ಎಣ್ಣೆ ಇಟ್ಟಳು. ಭುಜ ಒತ್ತಿದಳು, ತೋಳು ಒತ್ತಿದಳು. ಅತ್ತೆಯ ಹಾಗೇ ಕಣ್ಣು ಮುಚ್ಚಿಕೊಂಡಿದ್ದಳು. ಕಂಕುಳಿಂದ ಈಚೆಗೆ ಬಂದ ಬೆರಳು ಒಂದು ಕಡೆ ನಿಂತಿತು. ಮುಂದೆ ಹೋಯಿತು, ಮತ್ತೆ ಹಿಂದೆ ಬಂದು ಅಲ್ಲೇ ನಿಂತಿತು.

"ಅತ್ತೆ, ಇದು ಬಿಸಿ ಇಲ್ಲ."

ಅಂಜಿನಮ್ಮ ಹಂಡೆಯ ಕಡೆ ಮುಖ ತಿರುಗಿಸಿದಳು.

"ನೋಯ್ತದಾ?"

"ಇಲ್ಲ ಕಣೆ."

"ಯಾವತ್ತಿಂದ?"

"ಗೌರಿ ಹಬ್ಬದಿಂದ."

ಮುನಿತಾಯಮ್ಮ ಎದ್ದು ನಿಂತಳು. ಎರಡು ವರ್ಷದಲ್ಲಿ ಅತ್ತೆಯನ್ನು ಒಂದು ದಿನವೂ ಬೈದವಳಲ್ಲ. ಆವತ್ತು ಶುರು ಮಾಡಿದಳು ನೋಡಿ! "ಸೆರಗು ಮುಚ್ಚಿದ್ರೆ ಅದಕ್ಕೇನು ಕಣ್ಣು ಕಾಣಲ್ವಾ? ಸುಡುಗಾಡಲ್ಲಿ ಯಾವ ಮಾನ ಮಡಿಕ್ಕೊಂಡೀರಿ? ಏಳಿ, ಹೊರಡಿ!" ಒಂದಕ್ಷರ ಬಿಡದೆ ಅತ್ತೆಯದೇ ಬೈಗುಳ. ಹೊರಗೆ ನಗುತ್ತಿದ್ದವರು ಗಪ್‌ಚಿಪ್. ಅವರಿಗೂ ಆ ಬೈಗುಳ ಯಾವಾಗ ಬರುತ್ತದೆ ಅಂತ ಗೊತ್ತಿತ್ತು.

"ಮಾನಕ್ಕಲ್ಲ ಕಣಮ್ಮಿ," ಅಂಜಿನಮ್ಮ ಬಲಗೈ ಮುಂದೆ ಚಾಚಿದಳು. "ಈ ಕೈ ಹೋದ್ರೆ ನಾನ್ಯಾರು? ಇದ್ದಷ್ಟು ದಿನ ಕೈ ಆಡಿಸ್ಕೊಂಡು ಇದ್ದು ಹೋಗ್ಬಿಡ್ತೀನಿ."

"ಹೋಗ್ಬಿಡಿ ಮತ್ತೆ! ನಂಗೆ ತಿಂಗಳು ನಿಂತು ಎರಡಾಯ್ತು. ತಾಯಿ ಇಲ್ಲ, ತವರಿಗೆ ಹೋಗೋ ಹಂಗಿಲ್ಲ. ಊರ ಬಾಣಂತಿಯರ್ಗೆಲ್ಲ ಮಾಡ್ದೋರು, ಸ್ವಂತ ಸೊಸೆ ಬಾಣಂತನಕ್ಕೆ ಫೋಟೋದಲ್ಲಿ ಕೂತಿರ್ತೀರಾ?"

"ಫೋಟೋ ತೆಗೆಸಿಲ್ವಲ್ಲೇ," ಅಂದಳು ಅಂಜಿನಮ್ಮ. ಆಮೇಲೆ ಮೆಲ್ಲಗೆ, "ನೀನು ಬಸುರಿ ಅಂತ ನಂಗೊತ್ತು. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ."

ಮುನಿತಾಯಮ್ಮ ಅಳುತ್ತಾ ನಕ್ಕಳು. ಅಂಜಿನಮ್ಮ ನಗುತ್ತಾ ಅತ್ತಳು. ಹೊರಗಿದ್ದ ಮುತ್ತಮ್ಮ ಬಾಗಿಲು ದೂಡಿಕೊಂಡು ಬಂದು, "ನಾನು ಆರು ವರ್ಷದಿಂದ ಎಮ್ಮೆ ಹಿಡೀತಿಲ್ವೇನೆ ಈ ಕೈಲಿ? ಅನುಸೂಯಿ ಕೈ ನೋಡಿ ಹೆದ್ರಿದ್ಯಲ್ಲ, ನನ್ ಕೈ ನಿನ್ ಕಣ್ಣಿಗೆ ಬೀಳ್ಲಿಲ್ವಾ?" ಅಂತ ಗದರಿದಳು.

ಮಾರನೇ ದಿನವೇ ಅತ್ತೆ, ಸೊಸೆ, ಬೈಲಪ್ಪ ಮೂವರೂ ಹೊರಟರು. ದೇವನಹಳ್ಳಿಯಲ್ಲಿ ಲಕ್ಷ್ಮಯ್ಯ ಅಭ್ಯಾಸದಂತೆ ತಲೆ ಬಗ್ಗಿಸಿ ಚೀಟಿ ಬರೆಯುತ್ತಾ "ಹೆಸರು?" ಅಂದ. "ಅಂಜಿನಮ್ಮ" ಅಂದಾಗ ಮೊದಲ ಸಲ ಮುಖ ಎತ್ತಿ ನೋಡಿದ. ಸ್ಟೇಷನ್‌ವರೆಗೂ ತಾನೇ ಬಟ್ಟೆಗಂಟು ಹೊತ್ತುಕೊಂಡು ಬಂದು, ಮೂವರನ್ನೂ ಸಣ್ಣ ರೈಲಿಗೆ ಹತ್ತಿಸಿದ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಇದ್ದದ್ದು ಒಬ್ಬ ಡಾಕ್ಟರಮ್ಮ, ಕನ್ನಡಕದವರು. ಅವರು ಮುಟ್ಟಿ ನೋಡಲು ಬಂದರೆ ಅಂಜಿನಮ್ಮ, "ಸ್ವಲ್ಪ ತಡೀರಮ್ಮಣ್ಣಿ. ಕೈ ತಣ್ಣಗೈತೆ. ಉಜ್ಜಿ ಬೆಚ್ಚಗೆ ಮಾಡ್ಕೊಂಡು ಮುಟ್ಟಿ, ತಣ್ಣನೆ ಕೈಗೆ ಮೈ ಸೆಟ್ಕೊಂಡ್ಬಿಡ್ತದೆ, ಏನೂ ತಿಳಿಯಲ್ಲ" ಅಂದುಬಿಟ್ಟಳು. ನರ್ಸಮ್ಮ ಬಾಯಿ ಬಿಟ್ಟಳು. ಡಾಕ್ಟರಮ್ಮ ಕೈ ಉಜ್ಜಿಕೊಂಡು ನೋಡಿದರು. ಆಮೇಲೆ ಕಾಗದ ತೆಗೆದುಕೊಂಡು, ಎಷ್ಟು ಮಕ್ಕಳು, ಚೊಚ್ಚಲು ಎಷ್ಟನೇ ವಯಸ್ಸಿಗೆ, ಅಮ್ಮನಿಗಿತ್ತಾ, ಅಕ್ಕತಂಗಿಯರಿಗಿತ್ತಾ ಅಂತ ಕೇಳುತ್ತಾ ಹೋದರು. ಅಂಜಿನಮ್ಮನಿಗೆ ಈ ಪ್ರಶ್ನೆಗಳೆಲ್ಲ ಎಲ್ಲಿಗೆ ಹೋಗುತ್ತವೆ ಅಂತ ತಿಳಿದುಹೋಯಿತು. ಲಕ್ಕಮ್ಮನ ಕಥೆ ಹೇಳಿದಳು. ತನ್ನ ಏಳು ಜನರ ಕಥೆಯನ್ನೂ ಒಬ್ಬೊಬ್ಬರಾಗಿ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಇದನ್ನೆಲ್ಲ ನಿಮಗೆ ಯಾರು ಹೇಳಿದ್ರು?"

"ಯಾರೂ ಇಲ್ಲ. ಕೈಗೆ ಸಿಕ್ಕಿದ್ದು ತಲೇಲಿ ಮಡಿಕ್ಕೊಂಡೆ."

"ನಮ್ಮ ಪುಸ್ತಕದಲ್ಲೂ ಹೀಗೇ ಇದೆ ಅಂಜಿನಮ್ಮ. ಇದಕ್ಕೆ ಕ್ಯಾನ್ಸರು ಅಂತಾರೆ. ನಮ್ಮಲ್ಲಿಗೆ ಬರೋ ಹೆಂಗಸರು ಹೆಚ್ಚಿನವರು ಹುಣ್ಣಾಗಿ ಒಡೆದ ಮೇಲೆ ಬರ್ತಾರೆ, ಆಗ ನಾವೂ ಕೈ ಚೆಲ್ಲಬೇಕು. ನೀವು ಬೀಜದಷ್ಟಿರುವಾಗಲೇ ಬಂದಿದ್ದೀರಿ."

"ಬಂದಿಲ್ಲ, ಸೊಸೆ ಎಳ್ಕೊಂಡು ಬಂದ್ಲು," ಅಂದಳು ಅಂಜಿನಮ್ಮ. "ಕೈ ಗತಿ ಏನು, ಅದು ಹೇಳಿ."

ಡಾಕ್ಟರಮ್ಮ ಮುಚ್ಚಿಡಲಿಲ್ಲ. ಮೊದಲಿನ ಬಲ ಬರುವುದಿಲ್ಲ. ಆದರೆ ಮನೆಗೆ ಹೋದ ಮೇಲೆ ದಿನಾ ಗೋಡೆಗೆ ಎದುರಾಗಿ ನಿಂತು, ಬೆರಳನ್ನು ಮೆಲ್ಲಗೆ ಗೋಡೆ ಹತ್ತಿಸಬೇಕು. ನೋಯುತ್ತದೆ, ಆದರೂ ಬಿಡಬಾರದು, ಬಿಟ್ಟರೆ ಕೈ ಹಾಗೇ ಹಿಡಿದುಕೊಳ್ಳುತ್ತದೆ ಅಂದರು. ಅಂಜಿನಮ್ಮನಿಗೆ ಅನುಸೂಯಮ್ಮ ನೆನಪಾದಳು. ಕೈ ಆಡಿಸಿದರೆ ಹೊಲಿಗೆ ಬಿಟ್ಟುಹೋಗುತ್ತದೆ ಅಂತ ಮನೆಯವರು ಅವಳ ಕೈಯನ್ನು ಆರು ತಿಂಗಳು ಎದೆಗೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಪ್ರೀತಿಯಿಂದಲೇ ಕಟ್ಟಿದ್ದು, ಏನು ಹೇಳೋದು!

ಆಪರೇಷನ್ ಆಯಿತು. ಆ ದಿನಗಳು ಸುಖದ್ದಲ್ಲ, ಸುಳ್ಳು ಹೇಳುವುದು ಯಾಕೆ. ನಾಲ್ಕನೇ ದಿನ ಅಂಜಿನಮ್ಮ ಬಗ್ಗಿ ಎದೆಗೆ ಸುತ್ತಿದ ಪಟ್ಟಿಯನ್ನು ನೋಡಿಕೊಂಡು, ಗೋಡೆ ಕಡೆ ತಿರುಗಿ, ಲಕ್ಕಮ್ಮನ ಹೆಸರು ಹೇಳಿಕೊಂಡು ಅತ್ತಳು. ಐದನೇ ದಿನ ಪಕ್ಕದ ಮಂಚದವಳ ಸೊಂಟ ಎಡಗೈಲಿ ಒತ್ತುತ್ತಾ ಕೂತಿದ್ದಳು, ನರ್ಸಮ್ಮ ಬಂದು ಗದರಿ ಮಲಗಿಸಿದಳು.

ಊರಿಗೆ ಬಂದ ಮೇಲೆ ಮುನಿತಾಯಮ್ಮ ಬಚ್ಚಲ ಗೋಡೆಗೆ ಅತ್ತೆಯನ್ನು ನಿಲ್ಲಿಸಿದಳು. ಬೆರಳು ಎಷ್ಟು ಎತ್ತರ ಹತ್ತುತ್ತದೋ ಅಲ್ಲಿಗೆ ದಿನಾ ಒಂದು ಸುಣ್ಣದ ಗೆರೆ. ಮೊದಲ ಗೆರೆ ಸೊಂಟದ ಹತ್ತಿರ ಬಿತ್ತು. ಎಣ್ಣೆಯ ಕುಡಿಕೆ ಸೂರಿಂದ ಇಳಿಬಿಟ್ಟ ನೆಲುವಿನಲ್ಲಿ ಇರುತ್ತಿತ್ತು, ಹಗ್ಗದ ಜಾಳಿಗೆ. "ಅದನ್ನ ಕೆಳಕ್ಕಿಡೇ, ನಂಗೆ ಎಟುಕಲ್ಲ" ಅಂತ ಅಂಜಿನಮ್ಮ ಕೂಗಾಡಿದರೂ ಮುನಿತಾಯಮ್ಮ ಇಡಲಿಲ್ಲ. "ಎಟುಕಿದ್ ದಿನ ತಗೊಳ್ಳಿ."

"ರಾಕ್ಷಸಿ! ನಿನ್ನ ಕೈ ಅಲ್ಲ, ಎದೇನೂ ಒನಕೆಯೇ!"

"ಮಾತು ಆಮೇಲೆ. ಇನ್ನೊಂದ್ ಬೆರಳು ಹತ್ಸಿ."

ಮುತ್ತಮ್ಮನದು ಇನ್ನೊಂದು ಉಪಕಾರ. ರವಿಕೆ ಒಳಗೆ ತುಂಬಲು ಅಂಜಿನಮ್ಮ ಬೂರುಗದ ಹತ್ತಿಯ ಚೀಲ ಹೊಲಿದುಕೊಂಡಿದ್ದಳು. "ಹತ್ತಿ ಹಗುರ, ನಡೆದ್ರೆ ಕುತ್ತಿಗೆಗೆ ಬರ್ತದೆ. ರಾಗಿ ತುಂಬು, ತೂಕ ಸರಿಹೋಗ್ತದೆ, ನಂದೂ ಅದೇ" ಅಂತ ಮುತ್ತಮ್ಮ ಕಲಿಸಿಕೊಟ್ಟಳು. ಸರಿಯೇ ಹೋಯಿತು. ಒಂದು ದಿನ ಮಾತ್ರ ಚೀಲದ ಹೊಲಿಗೆ ಬಿಟ್ಟು, ಅವಳು ಗಂಗಣ್ಣನ ಮನೆಯಿಂದ ಬರುವಷ್ಟರಲ್ಲಿ ಹಿಂದೆ ಏಳೆಂಟು ಕೋಳಿ ಸಾಲಾಗಿ ಬರುತ್ತಿದ್ದವು. ಗಂಡಸರಿಗೆ ಅರ್ಥವಾಗಲಿಲ್ಲ. ಹೆಂಗಸರು ಬಾವಿಕಟ್ಟೆ ಮೇಲೆ ಬಿದ್ದೂ ಬಿದ್ದೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವಳು ಅಂಜಿನಮ್ಮ.

ಜ್ಯೇಷ್ಠದಲ್ಲಿ ಮುನಿತಾಯಮ್ಮ ಹೆಣ್ಣು ಹೆತ್ತಳು. ಮೊದಲ ಎಣ್ಣೆನೀರಿಗೆ ಅಂಜಿನಮ್ಮ ತಾನೇ ಕೂತಳು. ಗೋಡೆಯ ಗೆರೆ ಆಗ ಕಿವಿಯ ಮಟ್ಟಕ್ಕೆ ಬಂದಿತ್ತು. ಬಲಗೈಲಿ ಬಲ ಸಾಲದು ಅಂತ ಎಡಗೈಲಿ ಬೆನ್ನು ಒತ್ತಿದಳು. ಪಳಗದ ಕೈ. ಮುನಿತಾಯಮ್ಮ "ಅಯ್ಯಯ್ಯಪ್ಪಾ!" ಅಂತ ಕಿರುಚಿದ್ದು ಚಾವಡಿವರೆಗೂ ಕೇಳಿಸಿತು.

"ಅತ್ತೆ, ಅದೇನು ಕೈಯಾ, ಒನಕೆಯಾ?"

"ಸುಮ್ನೆ ಕೂತ್ಕೊಳೇ. ಕಲೀತಿದೀನಿ," ಅಂದಳು ಅಂಜಿನಮ್ಮ.

ಆ ವರ್ಷದ ದೀಪಾವಳಿಗೆ ಬಚ್ಚಲ ಮುಂದೆ ಎಂದಿಗಿಂತ ಹೆಚ್ಚು ಜನ. ಅನುಸೂಯಮ್ಮನೂ ಬಂದಿದ್ದಳು, ಮೂರು ತಿಂಗಳಿಂದ ಅವಳೂ ಆ ಗೋಡೆಗೆ ಬೆರಳು ಹತ್ತಿಸುತ್ತಿದ್ದಳು. ಹಂಡೆ ಕಾದಿತ್ತು. ಯಾರು ಮೊದಲು ಅಂತ ಹೆಂಗಸರು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಅಂಜಿನಮ್ಮ ಯಾರನ್ನೂ ಕೇಳದೆ ಮಣೆ ಎಳೆದುಕೊಂಡು ತಾನೇ ಕೂತು, ಎಲ್ಲರ ಮುಂದೆ ಸೆರಗು ಸರಿಸಿದಳು. ಒಂದು ಕಡೆ ಉದ್ದಕ್ಕೆ ಗಾಯದ ಗೆರೆ. ಹೊಸದಾಗಿ ಬಂದಿದ್ದ ಸೊಸೆಯಂದಿರು ಉಸಿರು ಬಿಗಿಹಿಡಿದು ನೋಡಿದರು.

"ನೋಡ್ಕೊಳ್ರೇ ಚೆನ್ನಾಗಿ. ನಂಗೊತ್ತಿದ್ದೂ ಎರಡು ತಿಂಗಳು ಮುಚ್ಕೊಂಡಿದ್ದೆ. ಇನ್ಮೇಲೆ ಪ್ರತಿ ವರ್ಷ ಮೊದಲ ಎಣ್ಣೆ ನಂದು. ಬಾರೇ ತಾಯಿ, ನೋಡು."

ಮುನಿತಾಯಮ್ಮ ಕಣ್ಣು ಮುಚ್ಚಿದಳು. ಈಗ ಕೈ ಪಳಗಿತ್ತು. ಗಾಯದ ಗೆರೆಯ ಉದ್ದಕ್ಕೂ ಬೆರಳು ನಡೆಸಿದಳು, ಎರಡೂ ಕಂಕುಳು ನೋಡಿದಳು, ಎಡಗಡೆ ನಿಧಾನವಾಗಿ ನೋಡಿದಳು. ಹೆಂಗಸರೆಲ್ಲ ಅವಳ ಬೆರಳನ್ನೇ ನೋಡುತ್ತಾ ಕಾದರು.

"ಏನೂ ಇಲ್ಲ ಅತ್ತೆ."

"ಇನ್ನೊಂದ್ಸಲ ನೋಡು."

ಇನ್ನೊಂದು ಸಲ ನೋಡಿದಳು. "ಏನೂ ಇಲ್ಲ."

ಅಂಜಿನಮ್ಮ ಸೆರಗು ಹೊದ್ದು ಎದ್ದಳು. ತುದಿಗಾಲಲ್ಲಿ ನಿಂತು, ಹಲ್ಲು ಕಚ್ಚಿ, ಬಲಗೈ ಮೇಲಕ್ಕೆತ್ತಿ, ನೆಲುವಿನಲ್ಲಿದ್ದ ಎಣ್ಣೆಯ ಕುಡಿಕೆಯನ್ನು ತಾನೇ ಕೆಳಗಿಳಿಸಿ ಸೊಸೆಯ ಕೈಗೆ ಕೊಟ್ಟಳು.

"ಊಂ, ಈಗ ಬರ್ರೇ ಒಬ್ಬೊಬ್ರಾಗಿ," ಅಂದಳು.